ಅಜೋವಾ ಬಾಯಿಬಿಟ್ಟ ಮಂಗಳವಾರ

ಅಜೋವಾ ಫ್ರಿಂಪೊಮಾ ಹುಟ್ಟಿದ್ದು ೧೯೬೫ನೆಯ ಇಸವಿಯ ಫೆಬ್ರವರಿ ೮ರಂದು, ಸೋಮವಾರ. ಘಾನಾದ ಅಸಾಂತೆ ಜನರಲ್ಲಿ ಸೋಮವಾರ ಹುಟ್ಟಿದ ಹೆಣ್ಣುಮಗುವಿಗೆ ಹೆಸರು ಹುಡುಕುವ ಶ್ರಮವಿಲ್ಲ. ವಾರವೇ ಹೆಸರನ್ನು ಹೊತ್ತು ತರುತ್ತದೆ. ಮಾಂಪೊಂಗಿನಲ್ಲಿ ಹುಟ್ಟಿ, ಕುಮಾಸಿಯ ಹೊಲಿಗೆಯಂಗಡಿಯೊಂದರಲ್ಲಿ ಕತ್ತರಿ ಹಿಡಿಯುವುದನ್ನು ಕಲಿತು, ೧೯೯೧ರ ನವೆಂಬರ್ ೩ರಂದು ಅವಳು ಗಂಡನಿದ್ದ ಮೊದೆನಾ ಪಟ್ಟಣಕ್ಕೆ ಬಂದಳು. ಹನ್ನೊಂದು ವರ್ಷ ಇಟಲಿಯ ಮುದುಕಿಯರ ಮನೆ ಒರೆಸಿದ ಮೇಲೆ, ೨೦೦೨ರ ಸೆಪ್ಟೆಂಬರ್ ೧೬ರಂದು, ರೈಲು ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಸ್ವಂತ ಅಂಗಡಿಯ ಬಾಗಿಲು ತೆರೆದಳು. ಆ ದಿನವೂ ಸೋಮವಾರವೇ ಆಗಿತ್ತು. ಪಕ್ಕದಲ್ಲಿ ಕೊನಾದು ಎಂಬಾಕೆಯ ಜಡೆ ಹೆಣೆಯುವ ಅಂಗಡಿ; ಎರಡು ಅಂಗಡಿಗಳ ನಡುವೆ ಇದ್ದದ್ದು ಗೋಡೆ ಎನ್ನುವುದಕ್ಕಿಂತ ಹಲಗೆ ಎನ್ನಬಹುದಾದ ಒಂದು ತಡಿಕೆ.

ಮೊದೆನಾದಲ್ಲಿದ್ದ ಘಾನಾದವರ ಮದುವೆಗೆ, ನಾಮಕರಣಕ್ಕೆ, ಚರ್ಚಿನ ಹಾಡುಗಾರರ ಸಮವಸ್ತ್ರಕ್ಕೆ ಅವಳೇ ಹೊಲಿಯುತ್ತಿದ್ದಳು. ಆದರೆ ಮನೆಯ ಒಲೆ ಉರಿಯುತ್ತಿದ್ದುದು ಸಾವಿನ ಬಟ್ಟೆಯಿಂದ. ಘಾನಾದಲ್ಲಿ ತಂದೆಯೋ ತಾಯಿಯೋ ತೀರಿಕೊಂಡಾಗ ಅಲ್ಲಿಗೆ ಹೋಗಲಾಗದವರು ಮೊದೆನಾದಲ್ಲಿಯೇ ಒಂದು ಶನಿವಾರ ಸಭಾಂಗಣ ಹಿಡಿಯುತ್ತಾರೆ. ಡೋಲು ಬಡಿದು, ಕುಣಿದು, ಅತ್ತು, ಉಂಡು, ಸತ್ತವರನ್ನು ಕಳುಹಿಸಿಕೊಡುತ್ತಾರೆ. ಅಂದು ಮನೆಯವರೆಲ್ಲರೂ ಒಂದೇ ಥಾನಿನಿಂದ ಕತ್ತರಿಸಿದ ಕಪ್ಪು ಕೆಂಪು ಬಟ್ಟೆಯನ್ನು ತೊಡಬೇಕು. ಬಟ್ಟೆ ತರಿಸಿ ಹೊಲಿಯಲು ದಿನಗಳು ಹಿಡಿಯುವುದರಿಂದ, ಊರಿನ ಹಿರಿಯರು ಮೊದಲು ದೂರವಾಣಿ ಮಾಡುತ್ತಿದ್ದುದು ಅಜೋವಾಳಿಗೆ. ಹೀಗಾಗಿ ಮಗನಿಗೆ ತನ್ನ ತಂದೆ ಇಲ್ಲವೆಂಬುದು ತಿಳಿಯುವ ಮೊದಲೇ ಅವನ ಕೊರಳಿನ ಅಳತೆ ಅವಳ ತಲೆಯಲ್ಲಿ ಲೆಕ್ಕವಾಗುತ್ತಿತ್ತು.

ಸಾವಿನ ಸುದ್ದಿಯನ್ನು ಕಂಡವರು ಕಂಡಲ್ಲಿ ಹೇಳುವಂತಿಲ್ಲ. ಹೇಳಲು ಹಿರಿಯರು ಬೇಕು, ಒಬ್ಬರಲ್ಲ, ಜೊತೆಯಾಗಿ. ಕೇಳುವವನು ಉಂಡಿರಬೇಕು, ಕುಳಿತಿರಬೇಕು. ಬಂದವರಿಗೆ ನೀರು ಕೊಟ್ಟು, ಬಂದ ಕಾರಣವನ್ನು ಅವನೇ ಕೇಳಬೇಕು. ಬಂದವರು ದಾರಿಯಿಂದ ಮೊದಲುಮಾಡಿ, ಮಾತನ್ನು ಸುತ್ತಿ ಬಳಸಿ, ತಂದಿದ್ದ ಮದ್ಯದ ಸೀಸೆಯನ್ನು ನಡುವೆ ಇಟ್ಟು, ಕಟ್ಟಕಡೆಗೆ ವಿಷಯಕ್ಕೆ ಬರಬೇಕು. ಅದಕ್ಕೆ ಮುನ್ನ ಬಾಯಿಬಿಟ್ಟವರ ಮನೆಯ ಹೊಸ್ತಿಲನ್ನು ಜನ ತುಳಿಯುವುದಿಲ್ಲ. ಅಜೋವಾ ಆ ಕ್ರಮವನ್ನು ಒಂದು ದಿನವೂ ಮೀರಿದವಳಲ್ಲ. ಹಿರಿಯರು ಹೇಳಿ ಬಂದರೆಂದು ಖಚಿತವಾಗುವವರೆಗೆ ಥಾನಿಗೆ ಕತ್ತರಿಯನ್ನೂ ತಾಗಿಸುತ್ತಿರಲಿಲ್ಲ. ಅಂಗಡಿಗೆ ಹೆಸರು ಬಂದದ್ದು ಅದರಿಂದಲೇ, ಜನ ಅವಳ ಕಣ್ಣಿಗೆ ಹೆದರುತ್ತಿದ್ದುದೂ ಅದರಿಂದಲೇ.

‘ಅಜೋವಕ್ಕ, ನನ್ನ ಭುಜದ ಮೇಲೆ ಹಾಗೆ ಕಣ್ಣಿಡಬೇಡ ಮಾರಾಯ್ತಿ,’ ಎಂದು ಕೊನಾದು ಒಮ್ಮೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ‘ಯಾರು ಹೋದ್ರು? ಹೇಳಿಬಿಡು.’

‘ಯಾರೂ ಹೋಗಿಲ್ಲ ಕಣೇ. ರವಿಕೆ ಬಿಗಿಯಾಗಿದೆ, ಅದನ್ನ ನೋಡ್ದೆ. ತಿನ್ನೋದು ಸ್ವಲ್ಪ ಕಡಿಮೆ ಮಾಡು.’

‘ದೇವರು ದೊಡ್ಡೋನು! ದಪ್ಪ ಆಗಿದೀಯ ಅಂತ ಅನ್ನಿಸ್ಕೊಂಡು ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ.’

೨೦೧೨ರ ಮೇ ೨೦, ಭಾನುವಾರ, ಸೂರ್ಯೋದಯಕ್ಕೆ ಮುನ್ನ ಭೂಮಿ ನಡುಗಿತು. ಉತ್ತರದ ಬಯಲಿನ ಊರುಗಳಲ್ಲಿ ಗಂಟೆಗೋಪುರಗಳು ಉರುಳಿದವು, ಚೀಸ್ ಮಾಗಿಸುವ ಉಗ್ರಾಣಗಳು ಕುಸಿದವು, ಮನುಷ್ಯರೂ ಸತ್ತರು. ಮೊದೆನಾದಲ್ಲಿ ಗೋಡೆಗಳು ನಿಂತವು. ಆದರೆ ನೆಲದ ಮೇಲಿನ ನಂಬಿಕೆ ಹೋಯಿತು. ಜನ ಹೊದಿಕೆ, ಕುರ್ಚಿ, ಮಕ್ಕಳನ್ನು ಎತ್ತಿಕೊಂಡು ಉದ್ಯಾನಕ್ಕೆ ಬಂದು, ಮರಗಳ ನಡುವೆ ಬಿಡಾರ ಹೂಡಿದರು. ಮನೆಯೊಳಗೆ ಸ್ನಾನಕ್ಕೆ ಹೋದವರು ಬಾಗಿಲ ಅಗುಳಿ ಹಾಕುವುದನ್ನು ಬಿಟ್ಟರು. ಅಜೋವಾಳ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದ್ದ ದೊಡ್ಡ ಕತ್ತರಿ, ಯಾರೂ ಮುಟ್ಟದಿದ್ದರೂ, ಹಗಲಿನಲ್ಲಿ ಆಗಾಗ ತೂಗಾಡತೊಡಗುತ್ತಿತ್ತು. ಅದು ನಿಲ್ಲುವವರೆಗೆ ಅವಳು ಹೊಲಿಗೆಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ಕೂರುತ್ತಿದ್ದಳು. ಕೊನಾದುವಿನ ಕಡೆಯಿಂದ ಹರಟೆಯ ಸದ್ದೂ ನಿಲ್ಲುತ್ತಿತ್ತು. ಬಳಿಕ ಯಾರೋ ನಗುತ್ತಿದ್ದರು, ಬೇಕಾದದ್ದಕ್ಕಿಂತ ಜೋರಾಗಿ.

ಮೇ ೨೩, ಬುಧವಾರ ಬೆಳಿಗ್ಗೆ, ಮಾಂಪೊಂಗಿನಿಂದ ಕರೆ ಬಂತು. ಗಂಡ ಕ್ವಾಕುವಿನ ಸೋದರಮಾವ. ಅವರು ಅವಳಿಗೆ ಎಂದೂ ದೂರವಾಣಿ ಮಾಡಿದವರಲ್ಲ.

‘ಅಳಿಯ ಪಕ್ಕದಲ್ಲಿದಾನಾ?’

‘ಇಲ್ಲ ಮಾವ. ನಾನೊಬ್ಳೇ ಇದೀನಿ.’

‘ಹಾಗಾದ್ರೆ ಕೂತ್ಕೋ ಮಗಳೇ.’

ಅವಳು ಕುಳಿತಳು. ಆ ಮಾತನ್ನು ಅವಳು ನೂರಾರು ಸಲ ಬೇರೆಯವರ ಪರವಾಗಿ ಕೇಳಿದ್ದಳು.

‘ನಿನ್ನೆ ಸಂಜೆ ಅಕ್ಕ ನಮ್ಮನ್ನ ಬಿಟ್ಟು ಹೋದ್ಲು. ಕಪ್ಪು ಥಾನು ತರಿಸಿಡು. ಅವನಿಗೆ ಮಾತ್ರ ಉಸಿರು ಬಿಡಬೇಡ. ಎನ್ಸಿಯಾ ಅವರಿಗೆ ಹೇಳಿದೀನಿ, ಅವ್ರೇ ಬಂದು ಹೇಳ್ತಾರೆ. ನಿನಗೆ ಕ್ರಮ ಗೊತ್ತು, ನಾನೇನು ಹೇಳ್ಕೊಡೋದು.’

ಕ್ವಾಕುವಿನ ತಾಯಿಯ ಹೆಸರು ಯಾ ದುಫಿಯೆ, ಎಂಬತ್ತು ದಾಟಿದ್ದಳು. ಕ್ವಾಕು ಅವಳನ್ನು ಕಡೆಯ ಸಲ ಕಂಡದ್ದು ೨೦೦೭ರ ಡಿಸೆಂಬರಿನಲ್ಲಿ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅವಳೊಡನೆ ಮಾತನಾಡುವುದು ಅವನ ರೂಢಿ. ಮುಂದಿನ ಭಾನುವಾರದೊಳಗೆ ಹಿರಿಯರು ಬಾರದೆ ಹೋದರೆ ಅವನು ಸತ್ತ ತಾಯಿಗೆ ಕರೆ ಮಾಡುತ್ತಾನೆ. ಅಜೋವಾ ಮಧ್ಯಾಹ್ನದ ತನಕ ಒಂದು ಅಂಚನ್ನೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಒಪಾನಿನ್ ಎಂಬ ಗೌರವದ ಹೆಸರು ಹೊತ್ತ ಎನ್ಸಿಯಾ ಆ ಸೀಮೆಯ ಅಸಾಂತೆ ಸಂಘದ ಹಿರಿಯರು. ಕಿರಿಯರು ಅವರನ್ನು, ಅಜ್ಜನನ್ನು ಕರೆದಂತೆ, ‘ನಾನಾ’ ಎನ್ನುತ್ತಿದ್ದರು. ವಾಸ ಉತ್ತರದ ಬಯಲಿನ ಸಣ್ಣ ಊರೊಂದರಲ್ಲಿ. ಕ್ವಾಕು ಕೆಲಸ ಮಾಡುವ ಕಾರ್ಖಾನೆಯೂ ಅದೇ ಊರಿನ ಅಂಚಿನಲ್ಲಿತ್ತು. ಅವರ ಮನೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರಿದಿದ್ದರಿಂದ ಸರಕಾರ ಹೂಡಿದ ಗುಡಾರದಲ್ಲಿದ್ದರು. ಗುಡಾರದಲ್ಲಿಯೂ ಅವರು ಇಸ್ತ್ರಿ ಮಾಡದ ಅಂಗಿ ತೊಡುತ್ತಿರಲಿಲ್ಲವಂತೆ. ಅಜೋವಾ ಕರೆ ಮಾಡಿದಾಗ ಅವರು ಅವಸರಪಡಲಿಲ್ಲ.

‘ಭಾನುವಾರ ಬರ್ತೀವಮ್ಮ. ಇನ್ನೊಬ್ಬ ಹಿರಿಯ ಅದುಸೆಯೀನೂ ಕರ್ಕೊಂಡು ಬರ್ತೀನಿ. ಒಬ್ಬನೇ ಬರೋಕೆ ನಾನೇನು ಅಂಚೆಯೋನಾ?’

ಮೇ ೨೪, ಗುರುವಾರ, ಭೂಮಿ ನಡುಗಿದಂದಿನಿಂದ ಮುಚ್ಚಿದ್ದ ಕಾರ್ಖಾನೆಯ ಮೇಸ್ತ್ರಿ ಕೆಲಸಗಾರರನ್ನು ಒಮ್ಮೆ ಕರೆಸಿ, ಒಳಗೆ ಸುತ್ತಾಡಿಸಿ ಕಳುಹಿಸಿದ. ಕ್ವಾಕು ಮತ್ತು ಅವನ ಜೊತೆಗಾರ ಎರ್ಮೆಸ್ ಹಿಂದಿರುಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ಎರ್ಮೆಸ್ ಹುಟ್ಟಾ ಮೊದೆನಾದವನು, ಐವತ್ತೆಂಟರ ಬ್ರಹ್ಮಚಾರಿ, ಅಕ್ಕ ವಾಂಡಾಳೊಡನೆ ಎದುರು ಬೀದಿಯಲ್ಲಿ ವಾಸ. ಹದಿನಾಲ್ಕು ವರ್ಷಗಳಿಂದ ಅವನ ಕಾರಿನಲ್ಲೇ ಕ್ವಾಕು ಕೆಲಸಕ್ಕೆ ಹೋಗಿಬರುತ್ತಿದ್ದ. ಕಾರ್ಖಾನೆಯೊಳಗೆ ಒಂದು ಯಂತ್ರ ಅವನದು, ಪಕ್ಕದ್ದು ಇವನದು.

‘ತೊಲೆ ಇದೆಯಲ್ಲ ಅಜೋವಾ, ಕಾಂಕ್ರೀಟಿಂದು,’ ಎಂದ ಕ್ವಾಕು, ಒಂದು ಅಂಗೈಯ ಮೇಲೆ ಇನ್ನೊಂದನ್ನು ಇಟ್ಟು ತೋರಿಸುತ್ತ. ‘ಕಂಬದ ಮೇಲೆ ಸುಮ್ನೆ ಕೂತಿದೆ ಅಷ್ಟೆ. ಬಿಗಿದಿಲ್ಲ, ಬೆಸೆದಿಲ್ಲ. ಇಷ್ಟು ವರ್ಷ ಅದರ ಕೆಳಗೇ ನಿಂತಿದ್ವಿ, ಗೊತ್ತೇ ಇರ್ಲಿಲ್ಲ. ಈಗ ಒಂದು ಕಡೆ ಇಷ್ಟು ಜಾರಿದೆ.’ ಮೇಲಿನ ಅಂಗೈ ಬೆರಳುಗಳ ತುದಿಗೆ ಸರಿಯಿತು.

‘ಮತ್ತೆ?’

‘ಮತ್ತೆ ಏನು? ಇಂಜಿನಿಯರು ನೋಡಿ ಸರಿಯಿದೆ ಅಂದ್ರಂತೆ.’

ಎರ್ಮೆಸ್ ನಕ್ಕ. ‘ಸಿನ್ಯೋರಾ, ಆ ಇಂಜಿನಿಯರು ಒಳಗೇ ಬರ್ಲಿಲ್ಲ. ಬಾಗಿಲಲ್ಲಿ ನಿಂತು ಕತ್ತು ಚಾಚಿದ, ಆಮೆ ಥರ.’

‘ನಗಬೇಡ ಎರ್ಮೆಸ್. ನೀವಿಬ್ರೂ ಹೋಗ್ಬೇಡಿ.’

‘ನಾನು ಹೋಗದೆ ಇದ್ರೆ ನಮ್ಮಕ್ಕ ದಿನವಿಡೀ ಮನೇಲಿ ಗುಡಿಸು, ಒರೆಸು ಅಂತಾಳೆ. ಅದಕ್ಕಿಂತ ತೊಲೆ ವಾಸಿ.’

ಕ್ವಾಕು ನಗಲಿಲ್ಲ. ಅವನ ಕೆಲಸದ ಕರಾರು ಜೂನ್ ೩೦ಕ್ಕೆ ಮುಗಿಯುವುದಿತ್ತು. ಕರೆದಾಗ ಬಂದವರಿಗೆ ಮುಂದಿನ ಕರಾರು, ಬಾರದವರಿಗೆ ನಮಸ್ಕಾರ ಎಂದು ಮೇಸ್ತ್ರಿ ಮೃದುವಾಗಿಯೇ ಹೇಳಿದ್ದ. ಕರಾರಿಲ್ಲದಿದ್ದರೆ ವಾಸದ ಪರವಾನಗಿ ಇಲ್ಲ. ಪರವಾನಗಿ ಇಲ್ಲದಿದ್ದರೆ ಇಪ್ಪತ್ತೆರಡು ವರ್ಷದ ಬದುಕು ಒಂದು ಚೀಲದಲ್ಲಿ ಹಿಡಿಯುವಷ್ಟು.

ಅಂದಿನಿಂದ ಅಜೋವಾ ಎರಡು ಭಯಗಳ ನಡುವೆ ಸಿಕ್ಕಿಕೊಂಡಳು. ಒಂದನ್ನು ಹೇಳುವಂತಿಲ್ಲ, ಇನ್ನೊಂದನ್ನು ಎಷ್ಟು ಹೇಳಿದರೂ ಕೇಳುವವರಿಲ್ಲ. ಶುಕ್ರವಾರ ಕಾರ್ಖಾನೆ ಗುಡಿಸಲು ಕರೆ ಬಂದಾಗ ಅವಳು ಅವನ ಕಬ್ಬಿಣದ ಮೂತಿಯ ಬೂಟುಗಳನ್ನು ಚಿಂದಿಯ ಚೀಲದಲ್ಲಿ ಬಚ್ಚಿಟ್ಟಳು. ಅವನು ರಬ್ಬರಿನ ಚಪ್ಪಲಿಯಲ್ಲೇ ಹೋಗಿ ಬಂದ. ಶನಿವಾರ ತನಗೆ ಜ್ವರವೆಂದು ಮಲಗಿದಳು. ಕ್ವಾಕು ಹಣೆಗೆ ಕೈಯಿಟ್ಟು, ‘ಮೀನು ಇದಕ್ಕಿಂತ ಬಿಸಿಯಾಗಿರುತ್ತೆ,’ ಎಂದು ಎದ್ದುಹೋದ. ಪಾದ್ರಿಗೆ ಕೆಟ್ಟ ಕನಸು ಬಿದ್ದಿದೆಯೆಂದು ಹೇಳಿದಾಗ ಅವನು ನೇರವಾಗಿ ಪಾದ್ರಿಯನ್ನೇ ಕೇಳಿದ. ಪಾದ್ರಿಗೆ ವಾರದಿಂದ ನಿದ್ದೆಯೇ ಇರಲಿಲ್ಲ, ಕನಸೆಲ್ಲಿಯದು.

ಮೇ ೨೭ರ ಭಾನುವಾರ ಹಿರಿಯರು ಬರಲಿಲ್ಲ. ಗುಡಾರದ ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದು ಅದುಸೆಯಿ ಆಸ್ಪತ್ರೆ ಸೇರಿದ್ದರು. ಕ್ವಾಕು ಪ್ರಾರ್ಥನೆಯಿಂದ ಬಂದು ತಾಯಿಗೆ ಕರೆ ಮಾಡಿದ. ಆ ಕಡೆ ಯಾರೋ ಎತ್ತಿಕೊಂಡು, ಅಜ್ಜಿ ಹೊಲಕ್ಕೆ ಹೋಗಿದ್ದಾಳೆ ಎಂದರು.

‘ನೋಡಿದ್ಯಾ ಅಜೋವಾ, ಎಂಬತ್ತು ದಾಟಿದ್ರೂ ಹೊಲ ಬಿಡಲ್ಲ ನಮ್ಮಮ್ಮ,’ ಎಂದು ಅವನು ಹೆಮ್ಮೆಯಿಂದ ಹೇಳಿದ. ಅಜೋವಾ ತಿರುಗಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ಈರುಳ್ಳಿಯಾದರೂ ಇದ್ದದ್ದು ಪುಣ್ಯ.

ಸೋಮವಾರ ಸಂಜೆ ಮೇಸ್ತ್ರಿಯ ಕರೆ ಬಂತು: ನಾಳೆ ಬೆಳಿಗ್ಗೆಯಿಂದ ಎಲ್ಲ ಯಂತ್ರಗಳೂ ಓಡಬೇಕು. ಅಜೋವಾ ಹಿತ್ತಿಲಿಗೆ ಹೋಗಿ ಎನ್ಸಿಯಾ ಅವರಿಗೆ ಕರೆ ಮಾಡಿ, ಹೊದ್ದ ಬಟ್ಟೆಯ ಸೆರಗನ್ನು ಬಾಯಿಗೆ ಅಡ್ಡವಿಟ್ಟು ಮಾತನಾಡಿದಳು.

‘ನಾನಾ, ಇವತ್ತೇ ಬನ್ನಿ. ಕಾಲಿಗೆ ಬೀಳ್ತೀನಿ. ಸುದ್ದಿ ಕೇಳಿದ್ರೆ ನಾಳೆ ಅವನು ಕೆಲಸಕ್ಕೆ ಹೋಗಲ್ಲ. ಶೋಕದ ಮನೆಯೋನು ವಾರ ಕೂತಿರಬೇಕು, ಮೇಸ್ತ್ರಿಯೂ ರಜೆ ಕೊಡಲೇಬೇಕು.’

‘ಅಂದ್ರೆ ಸತ್ತೋಳನ್ನ ನಿನ್ನ ಗಂಡನ ರಜೆಗೆ ಬಳಸ್ಕೊಳ್ತೀಯಾ?’

‘ಬದುಕಿರೋನನ್ನ ಉಳಿಸ್ಕೊಳ್ಳೋಕೆ ನಾನಾ. ಆ ಕಾರ್ಖಾನೆ ತೊಲೆ ಜಾರಿದೆ.’

‘ನಾಳೆ ಸಂಜೆ ಬರ್ತೀವಿ. ಅವನು ದುಡಿದು ಬರಲಿ, ಸ್ನಾನ ಮಾಡಲಿ, ಉಣ್ಣಲಿ. ಯಾ ದುಫಿಯೆ ನಮ್ಮ ದೊಡ್ಡಮ್ಮ ಇದ್ದಂಗೆ. ಅವಳ ಸುದ್ದೀನ ಬೀದಿ ನಾಯಿಗೆ ಎಸೆದಂಗೆ ಎಸೆಯೋಕಾಗಲ್ಲ.’

ಮೇ ೨೯, ಮಂಗಳವಾರ. ಬೆಳಕು ಹರಿಯುವಾಗ ಗಾಳಿಯೇ ಇರಲಿಲ್ಲ. ಉದ್ಯಾನದಿಂದ ಮನೆಗೆ ಬಂದ ಕ್ವಾಕು ಅಡುಗೆಮನೆಯಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದ. ಕೆಳಗೆ ಎರ್ಮೆಸ್‌ನ ಕಾರಿನ ಹಾರ್ನು ಒಮ್ಮೆ ಕೂಗಿತು.

‘ಕ್ವಾಕು, ಕೂತ್ಕೋ,’ ಎಂದಳು ಅಜೋವಾ.

‘ಹೊತ್ತಾಯ್ತು.’

‘ಕೂತ್ಕೋ ಅಂದೆ. ನಿನ್ನ ತಾಯಿ ಇಲ್ಲ. ಹೋದ ಮಂಗಳವಾರ ಹೋದ್ರು. ಮಾವ ನನಗೆ ಹೇಳಿದ್ರು.’

ಹೇಳಿಬಿಟ್ಟಳು. ಹತ್ತು ವರ್ಷ ಬೇರೆಯವರ ಸಾವುಗಳನ್ನು ಹಲ್ಲಿನ ಹಿಂದೆ ಬಿಗಿಹಿಡಿದವಳು ಅಡುಗೆಮನೆಯಲ್ಲಿ, ನಿಂತ ಮನುಷ್ಯನಿಗೆ, ನೀರಿಲ್ಲದೆ, ಹಿರಿಯರಿಲ್ಲದೆ ಹೇಳಿದಳು. ಕ್ವಾಕು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಅವಳು ಕಾದದ್ದು ಅಳುವಿಗಾಗಿ. ಬಂದದ್ದು ಬೇರೆ.

‘ಥೂ,’ ಎಂದ ಅವನು, ತೀರ ಮೆಲ್ಲಗೆ. ‘ಬೂಟು ಬಚ್ಚಿಟ್ಟೆ, ಜ್ವರ ಬರಿಸ್ಕೊಂಡೆ, ಪಾದ್ರಿಗೆ ಕನಸು ಬೀಳಿಸ್ದೆ. ಈಗ ನಮ್ಮಮ್ಮನ್ನ ಸಾಯಿಸ್ತೀಯಾ?’

‘ನಿಜ ಕ್ವಾಕು. ದೇವರಾಣೆ.’

‘ನಿಜ ಆಗಿದ್ರೆ ಎನ್ಸಿಯಾ ಎಲ್ಲಿ? ಸೀಸೆ ಎಲ್ಲಿ? ನೀನು ಯಾರು ಅಂತ ಈ ಊರಿಗೇ ಗೊತ್ತು. ಕೊನಾದು ಅಪ್ಪ ಸತ್ತಾಗ ಗೋಡೆ ಪಕ್ಕ ಕೂತು ಐದು ದಿನ ಬಾಯಿ ಬಿಡದೋಳು ನೀನು. ನಿಜವಾಗ್ಲೂ ನಮ್ಮಮ್ಮ ಸತ್ತಿದ್ರೆ ನೀನು ಹೇಳ್ತಿರ್ಲಿಲ್ಲ. ಹೇಳ್ದೆ ಅಂದ್ರೆ ಸುಳ್ಳು!’

ಅವಳು ಮಂಚದ ಕೆಳಗಿಂದ ಕಪ್ಪು ಥಾನನ್ನು ಎಳೆದು ತಂದಳು. ಅವನು ಅದನ್ನು ಮಗುಚಿ ನೋಡಿದ. ಎಲ್ಲೂ ಕತ್ತರಿ ತಾಗಿರಲಿಲ್ಲ.

‘ಇಂಥದ್ದು ನಿನ್ನ ಅಂಗಡೀಲಿ ಹತ್ತಿವೆ,’ ಎಂದು ಕ್ವಾಕು ಬಾಗಿಲು ತೆರೆದ. ‘ಸಂಜೆ ಬಂದು ಅಮ್ಮನಿಗೆ ಕರೆ ಮಾಡ್ತೀನಿ. ನೀನೇ ಅವಳ ಹತ್ರ ಮಾತಾಡಿ ಕ್ಷಮೆ ಕೇಳು.’

ಮೆಟ್ಟಿಲುಗಳಲ್ಲಿ ಅವನ ಹೆಜ್ಜೆ ಇಳಿದುಹೋಯಿತು. ಕಿಟಕಿಯಿಂದ ಅವಳು ಬಗ್ಗಿ ನೋಡಿದಾಗ ಎರ್ಮೆಸ್ ಕಾರಿನಿಂದ ತಲೆ ಹೊರಹಾಕಿ, ‘ಸಿನ್ಯೋರಾ, ಸಂಜೆಗೆ ಆ ಕೆಂಪಕ್ಕಿ ಅನ್ನ ಮಾಡಿದ್ರೆ ನನ್ನ ತಟ್ಟೇನೂ ಇಡಿ!’ ಎಂದು ಕೂಗಿದ. ಟೊಮೇಟೊ ಹಾಕಿದ ಅನ್ನಕ್ಕೆ ಅವನು ಇಟ್ಟಿದ್ದ ಹೆಸರು ಅದು. ಕಾರು ತಿರುವು ದಾಟಿತು.

ಅಜೋವಾ ಎನ್ಸಿಯಾ ಅವರಿಗೆ ಕರೆ ಮಾಡಿದಳು. ಈ ಬಾರಿ ಸೆರಗು ಅಡ್ಡವಿಡಲಿಲ್ಲ.

‘ನಾನಾ, ನಾನು ಹೇಳಿಬಿಟ್ಟೆ.’

‘ಏನಂದೆ?’

‘ಕ್ವಾಕುಗೆ ಹೇಳ್ದೆ. ನಂಬ್ಲಿಲ್ಲ. ಹೋದ.’

ಮುದುಕರು ಎಷ್ಟು ಜೋರಾಗಿ ಕೂಗಿದರೆಂದರೆ ಅವಳು ದೂರವಾಣಿಯನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ‘ನೀನಾ! ನೀನು ಬಾಯಿಬಿಟ್ಯಾ! ಅಡುಗೆಮನೇಲಿ? ನಿಂತೋನಿಗೆ? ಸುದ್ದೀನ ಅರ್ಧ ಹೊಟ್ಟೇಲಿ ಇಟ್ಕೊಂಡು ಹೋಗಿದಾನೆ ಅವನು! ಅದು ಅವನನ್ನ ತಿನ್ನುತ್ತೆ, ಗೊತ್ತಾ? ಒಡೆದ ಮಾತನ್ನ ಬಿಸಿಲೇರೋದರೊಳಗೆ ಕೂಡಿಸಬೇಕು. ಅಯ್ಯೋ, ನನ್ನ ಕಪ್ಪು ಅಂಗಿ ಎಲ್ಲಿ... ಅದುಸೆಯಿ ಇಲ್ಲ... ಯಾರನ್ನ ಕರ್ಕೊಂಡು ಹೋಗ್ಲಿ...’ ಕರೆ ಕಡಿದುಹೋಯಿತು.

ಕಾರ್ಖಾನೆಯ ತೊಲೆಯ ವಿಚಾರ ಅವರ ತಲೆಗೆ ಹೋಗಿತ್ತೆಂದು ಹೇಳಲಾಗದು. ಅವರನ್ನು ಗುಡಾರದಿಂದ ಎಬ್ಬಿಸಿದ್ದು ಕೆಟ್ಟುಹೋದ ಕ್ರಮ.

ಅಜೋವಾ ಅಂಗಡಿ ತೆರೆದಳು. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನಾದು ಗೋಡೆಯಾಚೆಯಿಂದ ಏನೋ ಕೇಳಿದಳು, ಇವಳು ಹೊಲಿಗೆಯಂತ್ರಕ್ಕೆ ದಾರ ಪೋಣಿಸತೊಡಗಿದಳು. ಒಂಬತ್ತು ಗಂಟೆಗೆ ಕತ್ತರಿ ಅಲುಗಿತು. ಈ ಸಲ ಅದು ತೂಗಾಡಲಿಲ್ಲ. ಮೊಳೆಯಿಂದ ಜಿಗಿದು ನೆಲಕ್ಕೆ ಬಿತ್ತು. ಗೋಡೆಯ ತಡಿಕೆ ಬಾಗಿತು. ದಾರದ ಉರುಳೆಗಳು ಬಣ್ಣಬಣ್ಣದ ಇಲಿಗಳಂತೆ ಕೋಣೆಯಲ್ಲೆಲ್ಲ ಓಡಿದವು. ಬೀದಿಗೆ ಬಂದಾಗ ಕೊನಾದು ಅರ್ಧ ಜಡೆ ಹೆಣೆದ ಹುಡುಗಿಯೊಬ್ಬಳನ್ನು ಅಪ್ಪಿ ನಿಂತಿದ್ದಳು. ಅಕ್ಕಪಕ್ಕದ ಹಂಚುಗಳಿಂದ ಧೂಳು ಇಳಿಯುತ್ತಿತ್ತು. ಯಾರೂ ಕೂಗಲಿಲ್ಲ. ಎಲ್ಲರೂ ಉತ್ತರಕ್ಕೆ ಮುಖ ಮಾಡಿದ್ದರು.

ಕ್ವಾಕುವಿನ ದೂರವಾಣಿ ಸತ್ತಿತ್ತು. ಎರ್ಮೆಸ್‌ನದೂ, ಎನ್ಸಿಯಾ ಅವರದೂ. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಸಲ ನೆಲ ಮುರಿಯುವಂತೆ ನಡುಗಿತು. ರೇಡಿಯೋದಲ್ಲಿ ಊರುಗಳ ಹೆಸರುಗಳು ಬಂದವು, ಬಳಿಕ ಕಾರ್ಖಾನೆಗಳ ಛಾವಣಿಗಳ ಸುದ್ದಿ ಬಂತು, ಕೆಳಗೆ ಸಿಕ್ಕವರ ಹೆಸರುಗಳು ಮಾತ್ರ ಬರಲಿಲ್ಲ. ಉತ್ತರದ ರಸ್ತೆಯನ್ನು ಆಂಬುಲೆನ್ಸುಗಳಿಗಾಗಿ ಮುಚ್ಚಿದ್ದರು. ಅಜೋವಾ ಉದ್ಯಾನದ ಬೇಲಿಯ ಬಳಿ ನಿಂತಳು. ಯಾರೋ ಕುರ್ಚಿ ತಂದರೂ ಕೂರಲಿಲ್ಲ. ಕೂತ್ಕೋ ಎಂಬ ಮಾತನ್ನು ಅಂದು ಅವಳು ಸಹಿಸುವಂತಿರಲಿಲ್ಲ. ಬೇಲಿಯ ಇನ್ನೊಂದು ತುದಿಯಲ್ಲಿ ಎರ್ಮೆಸ್‌ನ ಅಕ್ಕ ವಾಂಡಾ, ಹೆಗಲ ಮೇಲೆ ತಮ್ಮನ ಕೋಟನ್ನು ಹೊದ್ದು, ಬರುವ ಪ್ರತಿಯೊಂದು ಕಾರಿಗೂ ಬಾಗುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಹತ್ತಿರ ಬರಲಿಲ್ಲ. ಇಬ್ಬರಿಗೂ ಒಂದೇ ಸುದ್ದಿ ಬರುತ್ತದೋ, ಬೇರೆಬೇರೆಯೋ, ಆ ಅಂತರವನ್ನು ದಾಟಲು ಯಾರಿಗೂ ಧೈರ್ಯವಿರಲಿಲ್ಲ.

ಇಳಿಹೊತ್ತಿನಲ್ಲಿ ಹಿಂಬದಿಯ ಗದ್ದೆಗಳ ದಾರಿಯಿಂದ ಹಳೆಯ ವ್ಯಾನೊಂದು ಬಂತು. ಎನ್ಸಿಯಾ ಮೊದಲು ಇಳಿದರು. ಕಪ್ಪು ಅಂಗಿಯ ಮೇಲೆ ಬಿಳಿಯ ಪುಡಿ, ಕಾಲಲ್ಲಿ ಗುಡಾರದ ಚಪ್ಪಲಿ. ಅವರ ಹಿಂದೆ, ತಲೆಯಿಂದ ಪಾದದವರೆಗೆ ಸುಣ್ಣದ ಗೊಂಬೆಯಂತಾಗಿದ್ದ ಕ್ವಾಕು. ಅಜೋವಾ ಅವನ ಮುಖವನ್ನು ಎರಡೂ ಕೈಗಳಿಂದ ಹಿಡಿದಳು. ಕೈಗೆ ಸುಣ್ಣ ಹತ್ತಿತು. ಕೆಳಗೆ ಬಿಸಿ ಚರ್ಮವಿತ್ತು. ವ್ಯಾನಿನಿಂದ ಮತ್ತಾರೂ ಇಳಿಯಲಿಲ್ಲ.

ನಡೆದದ್ದನ್ನು ಮುದುಕರು ಮೆಲುದನಿಯಲ್ಲಿ ಹೇಳಿದರು. ಗುಡಾರದ ಸಾಲಿನಲ್ಲಿ ಇನ್ನೊಬ್ಬ ವಯಸ್ಸಾದ ಘಾನಾದವನನ್ನು ಹುಡುಕಿ, ಅವನಿಗೆ ಅಂಗಿ ತೊಡಿಸಿ, ಕಾರ್ಖಾನೆಯ ಗೇಟಿಗೆ ತಲುಪುವಾಗ ಒಂಬತ್ತಕ್ಕೆ ಸ್ವಲ್ಪವೇ ಉಳಿದಿತ್ತು. ಮನೆಯ ವಿಷಯ, ಐದು ನಿಮಿಷ ಎಂದು ಕಾವಲುಗಾರನನ್ನು ಬೇಡಿದರು. ಒಳಗೆ ಎರ್ಮೆಸ್, ‘ಹೋಗು, ನಿನ್ನ ಯಂತ್ರಾನೂ ನಾನೇ ನೋಡ್ಕೊಳ್ತೀನಿ. ನಿನಗಿಂತ ಚೆನ್ನಾಗೇ ನೋಡ್ಕೊಳ್ತೀನಿ,’ ಎಂದು ಕ್ವಾಕುವನ್ನು ಕಳುಹಿಸಿದ. ಅಂಗಳದ ನಡುವೆ ಕ್ವಾಕುವನ್ನು ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು. ಅವನು ನೀರಿನ ಸೀಸೆ ಕೊಟ್ಟ, ಕಾರಣ ಕೇಳಿದ. ಎನ್ಸಿಯಾ ಗುಡಾರದಿಂದ ಮೊದಲುಮಾಡಿದರು. ದಾರಿ ಹೇಗಿತ್ತು, ಯಾರು ಸಿಕ್ಕರು, ಅದುಸೆಯಿಯ ಕಾಲು ಹೇಗಿದೆ. ಐದು ನಿಮಿಷ ಕಳೆಯಿತು. ಮೇಸ್ತ್ರಿ ಬಾಗಿಲಿಗೆ ಬಂದು ಎರಡು ಸಲ ಕೂಗಿದ. ಕ್ವಾಕು ಏಳಲು ಹೋದಾಗ ಮುದುಕರು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದರು: ಹಿರಿಯರ ಮಾತಿನ ನಡುವೆ ಏಳುವವನು ಎಂಥ ಮಗ. ಮೇಸ್ತ್ರಿ ಬೈಯುತ್ತ ಒಳಗೆ ಹೋದ. ಆಮೇಲೆ ತೊಲೆಗಳು ಬಂದವು, ಒಂದರ ಹಿಂದೊಂದು, ಯಾರೋ ಮೇಜಿನಿಂದ ತಟ್ಟೆಗಳನ್ನು ತಳ್ಳಿದ ಹಾಗೆ.

‘ನಾನಿನ್ನೂ ಯಾ ದುಫಿಯೆ ಹೆಸರು ಎತ್ತಿರ್ಲಿಲ್ಲಮ್ಮ,’ ಎಂದರು ಎನ್ಸಿಯಾ. ‘ಅದುಸೆಯಿ ಕಾಲಲ್ಲೇ ಇದ್ದೆ.’

ಕ್ವಾಕು ಮಧ್ಯಾಹ್ನವಿಡೀ ಕೈಯಿಂದ ಕಾಂಕ್ರೀಟು ಎತ್ತಿದ್ದ. ಉಗುರುಗಳು ಹರಿದಿದ್ದವು. ಎರ್ಮೆಸ್‌ನನ್ನು ಅವನೇ ಕಂಡಿದ್ದ. ಎರ್ಮೆಸ್ ಬಿದ್ದಿದ್ದುದು ಕ್ವಾಕುವಿನ ಯಂತ್ರದ ಮುಂದೆ, ತನ್ನದರ ಮುಂದೆ ಅಲ್ಲ. ಅಗ್ನಿಶಾಮಕ ದಳದವರು ಹೆಸರು ಕೇಳಿದಾಗ ಹೇಳಿದವನೂ ಕ್ವಾಕುವೇ.

ಈಗ ಅವನು ಹುಲ್ಲಿನ ಮೇಲೆ ಕುಳಿತು, ‘ನಾನಾ, ಬೆಳಿಗ್ಗೆ ನಿಂತ ಮಾತನ್ನ ಮುಗಿಸಿ,’ ಎಂದ.

‘ನಾಳೆ ಹೇಳೋಣ ಮಗನೇ.’

‘ಈಗ ಹೇಳಿ.’

ಅಜೋವಾ ನೀರು ತಂದುಕೊಟ್ಟಳು. ಎನ್ಸಿಯಾ ಮತ್ತೆ ದಾರಿಯಿಂದಲೇ ಮೊದಲುಮಾಡಿದರು, ಒಂದು ಮಾತನ್ನೂ ಬಿಡದೆ. ತಾಯಿಯ ಹೆಸರು ಬಂದಾಗ ಕ್ವಾಕು, ‘ಕೇಳಿಸಿಕೊಂಡೆ,’ ಎಂದು ಹೇಳಬೇಕಾದದ್ದನ್ನು ಹೇಳಿದ. ಹೆಂಡತಿಯ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೆಲ ನೋಡುತ್ತಲೇ ಅಂದ:

‘ವಾಂಡಾಗೆ ಯಾರು ಹೇಳಿದ್ರು?’

ಯಾರೂ ಹೇಳಿರಲಿಲ್ಲ. ರಾತ್ರಿಯೊಳಗೆ ಪೊಲೀಸರು ದೂರವಾಣಿ ಮಾಡುತ್ತಾರೆ. ಇಲ್ಲಿನ ಕ್ರಮ ಅಷ್ಟೇ.

‘ಫೋನಲ್ಲಿ ಬೇಡ,’ ಎಂದ ಕ್ವಾಕು. ‘ನಡೀರಿ.’

ಮೂವರೂ ಉದ್ಯಾನವನ್ನು ದಾಟಿದರು. ಮರಗಳ ಕೆಳಗೆ ಅಡುಗೆ ಮಾಡುತ್ತಿದ್ದವರು ಸೌಟು ನಿಲ್ಲಿಸಿ ಅವರಿಗೆ ದಾರಿ ಬಿಟ್ಟರು. ವಾಂಡಾ ಸುಣ್ಣ ಮೆತ್ತಿದ ಕ್ವಾಕುವನ್ನು ಕಂಡು, ‘ಬಂದ್ರಾ! ಅವನು ಕಾರು ನಿಲ್ಲಿಸ್ತಿದಾನಾ?’ ಎಂದು ಎದ್ದಳು. ಎನ್ಸಿಯಾ ಬಾಯಿ ತೆರೆದರು. ಅವರಿಗೆ ಬರುತ್ತಿದ್ದ ಇಟಲಿಯ ಮಾತು ಅಂಗಡಿಯಲ್ಲಿ ಬೇಳೆ ಕೊಳ್ಳುವಷ್ಟು ಮಾತ್ರ, ಇದಕ್ಕೆ ಸಾಲದಾಯಿತು. ಕ್ವಾಕು ಉಗುರು ಹರಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ವಾಂಡಾಳ ನೋಟ ಒಬ್ಬರಿಂದ ಒಬ್ಬರಿಗೆ ಸರಿದು ಅಜೋವಾಳ ಮೇಲೆ ನಿಂತಿತು.

ಅಜೋವಾ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾನು ಹುಲ್ಲಿನ ಮೇಲೆ ಕುಳಿತಳು.

‘ವಾಂಡಾ, ನಾವು ಆ ಕಡೆಯ ಮೂಲೆಯಿಂದ ನಡ್ಕೊಂಡು ಬಂದ್ವಿ,’ ಎಂದು ಅವಳು ಮೊದಲುಮಾಡಿದಳು. ‘ದಾರೀಲಿ ಎಲ್ಲರೂ ಒಲೆ ಹಚ್ಚಿದಾರೆ. ನಿನ್ನನ್ನ ಹುಡುಕ್ತಾ ಬಂದ್ವಿ...’